ಮೆಹಬೂಬ್ ಬೀಯ ಹಣ್ಣೆಲೆ

ಏನು ಕೆಲಸ ಮಾಡ್ತೀಯಪ್ಪ ಎಂದು ಊರಲ್ಲಿ ಯಾರಾದರೂ ಕೇಳಿದರೆ ನಾನು "ರಿಸರ್ಚ್" ಎನ್ನುತ್ತೇನೆ. ಅಷ್ಟಕ್ಕೇ ನಿಲ್ಲಿಸುತ್ತೇನೆ. ಇನ್ನೊಂದು ಮಾತು ಮುಂದೆ ಹೋದರೆ, ಹೆಬ್ಬಾಳದ ಆಚೆ ಒಂದು ಬೀಜದ ಕಂಪನಿಯಲ್ಲಿ ದಿನಗೂಲಿ ಮೇಲೆ ಎಲೆ ಅರೆಯುತ್ತೇನೆ ಎಂದು ಒಪ್ಪಿಕೊಳ್ಳಬೇಕಾಗುತ್ತದೆ. ನಮ್ಮ ಬಾಗಲೂರಿನಲ್ಲಿ ಸೊಪ್ಪು ಅರೆಯುವುದನ್ನು ಹೆಂಗಸರು ಒರಳುಕಲ್ಲಿನಲ್ಲಿ ಪುಕ್ಕಟೆ ಮಾಡುತ್ತಾರೆ. ನಾನು ಪಿಂಗಾಣಿ ಬಟ್ಟಲಿನಲ್ಲಿ, ಅಸಿಟೋನ್ ಹಾಕಿ, ಕೂಲಿಗೆ ಮಾಡುತ್ತೇನೆ. ಅವರು ಅರೆದದ್ದನ್ನು ಮುದ್ದೆ ಜೊತೆ ತಿನ್ನಬಹುದು. ನಾನು ಅರೆದದ್ದನ್ನು ಮೂಸಿದರೂ ತಲೆ ತಿರುಗುತ್ತದೆ.

ಅರೆದು ಸೋಸಿದ ಹಸಿರು ನೀರನ್ನು ಒಂದು ಯಂತ್ರದೊಳಗೆ ಇಟ್ಟರೆ ಅದರ ಮುಳ್ಳು ಅಲ್ಲಾಡುತ್ತದೆ. ಎಳೆ ಎಲೆಯಲ್ಲಿ ಹಸಿರು ಎಷ್ಟಿತ್ತು, ಮುದಿ ಎಲೆಯಲ್ಲಿ ಎಷ್ಟು ಉಳಿದಿದೆ ಎಂಬುದು ಆ ಮುಳ್ಳಿನಿಂದ ತಿಳಿಯುತ್ತದೆ. ನಾನು ಅದನ್ನು ಓದಿ ಹೇಳುತ್ತೇನೆ. ನಮ್ಮ ಸಾಹೇಬರು ವಾಜಿದ್ ಸರ್ "ಹ್ಞೂಂ" ಎನ್ನುತ್ತಾರೆ. ಪೈರಿನ ಎಲೆ ಇನ್ನಷ್ಟು ದಿನ ಹಸಿರಾಗಿಯೇ ಉಳಿದರೆ ಕಾಳು ಚೆನ್ನಾಗಿ ತುಂಬುತ್ತದೆ ಎಂಬುದು ಅವರ ಆಸೆ. ನನ್ನ ಕೂಲಿ ಆ ಆಸೆಯ ಮೇಲೆ ನಿಂತಿದೆ.

ಯಲಹಂಕದ ಹಳೇ ಪೇಟೆಯಲ್ಲಿ ನನ್ನದು ಒಂದು ಬಾಡಿಗೆ ಕೋಣೆ. ಗೋಡೆಯ ಆಚೆಗೆ ಮೆಹಬೂಬ್ ಬೀ. ನಾನು ಅಲ್ಲಿಗೆ ಬಂದ ಹೊಸದರಲ್ಲಿ, ಒಂದು ಭಾನುವಾರ, ನನ್ನ ರಿಸರ್ಚಿನ ವಿಷಯವನ್ನು ಸ್ವಲ್ಪ ಬಣ್ಣ ಹಚ್ಚಿಯೇ ಅವರಿಗೆ ವಿವರಿಸಿದೆ. ಅವರು ಬಾಯಲ್ಲಿದ್ದ ಎಲೆಯನ್ನು ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ದಾಟಿಸಿದರು.

"ಕ್ಯಾ ರೇ ಆಂಜಿ, ಎಲೆ ಹಳದಿ ಆಗ್ಬಾರ್ದು ಅಂತ ನಿಂಗೆ ಸಂಬಳ ಕೊಡ್ತಾರಾ?"

"ಹೌದಮ್ಮ."

"ಯಾ ಅಲ್ಲಾ! ಹಳದಿ ಆಗ್ಲಿ ಅಂತ ನಾನಿಲ್ಲಿ ಜೀವ ತೇಯ್ತಾ ಇದೀನಿ. ನೀನು ಪಕ್ಕದ ಮನೇಲೇ ಬಂದು ಕೂತ್ಯಾ?"

ಮೆಹಬೂಬ್ ಬೀ ವೀಳ್ಯದೆಲೆ ಮಾರುವವರು. ಅದರಲ್ಲೂ ಹಣ್ಣೆಲೆ. ಅಂದರೆ ಹಸಿರು ಹೋಗಿ, ಬೆಣ್ಣೆಯ ಬಣ್ಣಕ್ಕೆ ತಿರುಗಿ, ನಾಲಿಗೆಯ ಮೇಲಿಟ್ಟರೆ ಹಲ್ಲಿನ ಹಂಗಿಲ್ಲದೆ ಕರಗುವ ಎಲೆ. ಮದುವೆಯಾಗಿ ಈ ಊರಿಗೆ ಬಂದಾಗ ಅವರಿಗೆ ಎಲೆಯ ಗಂಧ ಗಾಳಿ ಇರಲಿಲ್ಲವಂತೆ. ಗಂಡ ದಸ್ತಗೀರ್ ಸಾಬರು ಸ್ಟೇಷನ್ನಿನಿಂದ ಪೇಟೆಗೆ ಜಟಕಾ ಹೊಡೆಯುತ್ತಿದ್ದರು. ಕುದುರೆಯ ಹೆಸರು ಬಿಜ್ಲಿ. ಈಗಿನ ಕರೆಂಟಿನ ಹಾಗೆಯೇ ಅದೂ ಬೇಕಾದ ಹೊತ್ತಿಗೆ ನಿಂತುಬಿಡುತ್ತಿತ್ತು. ಆಟೋಗಳು ಬಂದವು, ಬಿಜ್ಲಿಯನ್ನು ಮಾರಿದ್ದಾಯಿತು. ಸಾಬರು ಒಂದಷ್ಟು ಕಾಲ ಖಾಲಿ ಜಟಕಾದ ಮೇಲೆ ಕೂತು ಬೀಡಿ ಸೇದಿದರು, ಆಮೇಲೆ ಅವರೂ ಹೋದರು. ಉಳಿದದ್ದು ಅತ್ತೆ ಖುರ್ಷೀದ್ ಬೀಯ ಎಲೆ ಬುಟ್ಟಿ. "ಅತ್ತೆ ಬೈದಿದ್ದೆಲ್ಲಾ ಮರ್ತೋಯ್ತು. ಬುಟ್ಟಿ ಕೊಟ್ರಲ್ಲ, ಅದು ನೆನಪಿದೆ" ಎನ್ನುತ್ತಿದ್ದರು ಮೆಹಬೂಬ್ ಬೀ. ಸ್ವಲ್ಪ ಹೊತ್ತು ಬಿಟ್ಟು, "ಬೈದಿದ್ದೂ ನೆನಪಿದೆ" ಎಂದು ಸೇರಿಸುತ್ತಿದ್ದರು.

ಸಂತೆಬೀದಿಯಲ್ಲಿ ಅವರು ಕೂರುತ್ತಿದ್ದದ್ದು ಹನುಮಯ್ಯನ ಪಕ್ಕದಲ್ಲಿ. ಹನುಮಯ್ಯನೂ ಎಲೆಯವನೇ, ಆದರೆ ಹಸಿರೆಲೆಯವನು. ನೀರು ಚಿಮುಕಿಸಿ ಚಿಮುಕಿಸಿ, "ಗರಿಗರಿ ಎಲೆ, ಹಸಿರೆಲೆ" ಎಂದು ಗಂಟಲು ಹರಿಯುವಂತೆ ಕೂಗುವವನು. ಮೆಹಬೂಬ್ ಬೀ ಕೂಗುತ್ತಿರಲಿಲ್ಲ.

"ಕೂಗೇ ಬೂಬಮ್ಮ, ಕೂಗಿದ್ರೆ ತಾನೇ ಗಿರಾಕಿ ಬರೋದು" ಎನ್ನುತ್ತಿದ್ದ ಅವನು.

"ನಿನ್ ಗಿರಾಕಿಗಳ ಹಲ್ಲು ಉದುರ್ಲಿ ತಾಳು. ಆಮೇಲೆ ಎಲ್ಲಾ ನನ್ ಹತ್ರಾನೇ ಬರ್ತಾರೆ. ನಾನ್ಯಾಕ್ ಕೂಗ್ಲಿ?"

ಹಣ್ಣೆಲೆ ಮಾಡುವ ಅವರ ಕ್ರಮ ಹೀಗಿತ್ತು. ಬಿದಿರು ಬುಟ್ಟಿಗೆ ಒಳಗಿನಿಂದ ಬಾಳೆಲೆ ಹಾಸಿ, ಹಸಿರೆಲೆಗಳನ್ನು ಒತ್ತಾಗಿ ಜೋಡಿಸಿ, ಮೇಲೆ ಒದ್ದೆ ಗೋಣಿ ಹೊದಿಸಿ ಮಂಚದ ಕೆಳಗಿನ ಕತ್ತಲಿಗೆ ತಳ್ಳುವುದು. ದಿನಾ ಒಮ್ಮೆ ಬಿಚ್ಚಿ ಮೇಲಿನದನ್ನು ಕೆಳಗೆ ಮಾಡಿ, ಕಪ್ಪು ಹಿಡಿದದ್ದನ್ನು ಎಸೆಯುವುದು. ಎಷ್ಟು ದಿನ ಬೇಕು ಎಂದರೆ "ಆಗೋವರ್ಗೂ" ಎನ್ನುತ್ತಿದ್ದರು. ಬುಟ್ಟಿಯ ಮುಂದೆ ಯಾರೂ ಸೀನಬಾರದು, ಎಲೆಕ್ಷನ್ ವಿಷಯ ಎತ್ತಬಾರದು, ಎತ್ತಿದರೆ ಎಲೆ ಕಪ್ಪಾಗುತ್ತದೆ ಎಂದೂ ಅವರ ನಂಬಿಕೆ. ಆಗೊಮ್ಮೆ ಈಗೊಮ್ಮೆ ಬುಟ್ಟಿ ಪೂರ್ತಿ ಹಾಳಾಗುತ್ತಿತ್ತು. ಹಾಳಾದಾಗಲೆಲ್ಲ ಯಾರೋ ಸೀನಿರುತ್ತಿದ್ದರು. ಸಾಮಾನ್ಯವಾಗಿ ನಾನು.

ಇತ್ತೀಚೆಗೆ ಸೀನದಿದ್ದರೂ ಹಾಳಾಗುತ್ತಿತ್ತು. ಅವರ ಕಣ್ಣು ಮಂಜಾಗಿತ್ತು, ಕಪ್ಪು ಚುಕ್ಕೆ ಕಾಣುತ್ತಿರಲಿಲ್ಲ. ಅದನ್ನು ಮಾತ್ರ ಅವರು ಯಾರಿಗೂ ಹೇಳಿಕೊಳ್ಳುತ್ತಿರಲಿಲ್ಲ.

ಅಲ್ಲಾಳಸಂದ್ರದ ಆವಲಪ್ಪನವರ ಮನೆಗೆ ಅತ್ತೆಯ ಕಾಲದಿಂದಲೂ ಎಲೆ ಹೋಗುತ್ತಿದ್ದದ್ದು ಈ ಬುಟ್ಟಿಯಿಂದ. ಅದನ್ನು "ಮನೆ ಎಲೆ" ಎನ್ನುತ್ತಾರೆ. ಹಬ್ಬವಾಗಲಿ ಮದುವೆಯಾಗಲಿ, ಆ ಮನೆಯ ಹೊಸಿಲನ್ನು ಬೇರೆಯವರ ಎಲೆ ದಾಟುವಂತಿಲ್ಲ. ಆ ಮನೆಯದೇ ಒಂದು ಪದ್ಧತಿಯೂ ಇತ್ತು. ಹೆಣ್ಣು ಗಂಡು ಒಪ್ಪಿದ ಮೇಲೆ ವೀಳ್ಯಶಾಸ್ತ್ರದ ದಿನ, ಮನೆಯ ಹಿರಿಯರು ಎರಡೂ ಕಡೆಯವರ ಎದುರು ವೀಳ್ಯ ಹಾಕಿಕೊಂಡು, ಚೆನ್ನಾಗಿ ಅಗಿದು, ಅಂಗಳಕ್ಕೆ ಹೋಗಿ ಕೆಂಪಗೆ ಉಗಿಯಬೇಕು. ಉಗಿದ ಮೇಲೆ ಮಾತು ಕೊಟ್ಟಂತೆ. ಉಗಿಯುವವರೆಗೆ ತಟ್ಟೆ ಬದಲಾಯಿಸುವ ಹಾಗಿಲ್ಲ. ಈಗ ಆ ಹಿರಿಯರೆಂದರೆ ಆವಲಪ್ಪನವರ ತಾಯಿ ದೊಡ್ಡಮುನಿಯಮ್ಮ. ಅವರ ಬಾಯಲ್ಲಿ ಹಲ್ಲೆಂಬುದು ಇರಲಿಲ್ಲ.

ಆವಲಪ್ಪನವರ ಮಗನಿಗೆ ಗೊರಗುಂಟೆಪಾಳ್ಯದ ಹೆಣ್ಣು ಗೊತ್ತಾಗಿತ್ತು. ವೀಳ್ಯಶಾಸ್ತ್ರ ಮುಂದಿನ ತಿಂಗಳು ಎಂದು ಮೆಹಬೂಬ್ ಬೀ ನಿಶ್ಚಿಂತೆಯಾಗಿದ್ದರು. ಒಂದು ಬೆಳಿಗ್ಗೆ ಆವಲಪ್ಪನವರೇ ಸ್ಕೂಟರಿನಲ್ಲಿ ಬಂದು ಬಾಗಿಲಲ್ಲಿ ನಿಂತರು.

"ನೋಡಮ್ಮ, ಹುಡುಗೀ ಸೋದರಮಾವ ದಾಸಪ್ಪ ಮಿಲಿಟರಿನಾಗವ್ನೆ. ರಜಾ ಕಮ್ಮಿ ಮಾಡ್ಬಿಟ್ರಂತೆ. ಶಾಸ್ತ್ರ ಈ ಭಾನುವಾರಾನೇ."

"ಈ ಭಾನುವಾರಾನಾ? ಎಲೆ ಹಣ್ಣಾಗ್ಬೇಕಲ್ಲ ಆವಲಪ್ಪ."

"ಆಗ್ದಿದ್ರೆ ಹೇಳ್ಬಿಡು. ಗೌರಿ ಹಬ್ಬಕ್ಕೆ ಕಪ್ಪು ಚುಕ್ಕೆ ಎಲೆ ತಂದ್ಕೊಟ್ಟೆ, ಅಮ್ಮನ ಮುಖ ನೋಡ್ಕೊಂಡು ಸುಮ್ಕಾದೆ. ಈ ಸಲ ಬೀಗರ ಮುಂದೆ ಮಾನ ಹೋದ್ರೆ, ಅಮ್ಮ ಏನಾದ್ರೂ ಅಂದ್ಕೊಳ್ಲಿ, ಮನೆ ಎಲೆ ಹನುಮಯ್ಯಂಗೆ."

ಸ್ಕೂಟರ್ ಹೋಯಿತು. ಮೆಹಬೂಬ್ ಬೀ ಹೊಸಿಲ ಮೇಲೆ ಕೂತರು. ಬಾಯಲ್ಲಿ ಎಲೆ ಇದ್ದರೂ ಅಗಿಯುತ್ತಿರಲಿಲ್ಲ. ಆ ಬಾಯಿ ಸುಮ್ಮನಿದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಲ್ಲಿಗೇ ನಾನು ಬಸ್ಸು ಹತ್ತಿ ಕೆಲಸಕ್ಕೆ ಹೋಗಿದ್ದರೆ ಎಲ್ಲರಿಗೂ ಒಳ್ಳೆಯದಾಗುತ್ತಿತ್ತು.

"ಅಮ್ಮಾ, ನನ್ ಕೈಗೆ ಬಿಡಿ" ಎಂದೆ.

"ನಿನ್ ಕೈಗಾ?"

"ಇದೇ ತಾನೇ ನನ್ ಕೆಲಸ? ಎಲೆ ಹೆಂಗೆ ಹಳದಿ ಆಗತ್ತೆ ಅಂತ ದಿನಾ ನೋಡ್ತೀನಿ. ಶಾಖ ಕೊಟ್ರೆ ಬೇಗ ಆಗತ್ತೆ. ಸೈನ್ಸು."

ವಾಜಿದ್ ಸರ್ ಒಮ್ಮೆ, ಬೆಚ್ಚಗಿದ್ದರೆ ಎಲೆ ಬೇಗ ಹಣ್ಣಾಗುತ್ತದೆ ಎಂದದ್ದು ನನ್ನ ಕಿವಿಗೆ ಬಿದ್ದಿತ್ತು. ಬೆಚ್ಚಗೆ ಎಂದರೆ ಎಷ್ಟು ಎಂದು ಅವರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಸ್ವಲ್ಪ ಬಿಸಿಗೆ ಸ್ವಲ್ಪ ಬೇಗ ಆಗುವುದಾದರೆ ಜಾಸ್ತಿ ಬಿಸಿಗೆ ಜಾಸ್ತಿ ಬೇಗ ಆಗಬೇಕಲ್ಲ? ಎಸ್ಸೆಸ್ಸೆಲ್ಸಿಯಲ್ಲಿ ನನಗೆ ವಿಜ್ಞಾನದಲ್ಲಿ ಬಂದ ಅಂಕಗಳನ್ನು ಮೆಹಬೂಬ್ ಬೀ ನೋಡಿದ್ದರೆ ಅಲ್ಲಿಗೇ ತಡೆಯುತ್ತಿದ್ದರು. ಅವರು ಒಪ್ಪಿದರು. ಕಷ್ಟದಲ್ಲಿದ್ದವರು ಕನ್ನಡಕ ಹಾಕಿದವನ ಮಾತನ್ನು ನಂಬಿಬಿಡುತ್ತಾರೆ.

ನಮ್ಮ ಬೀದಿಯ ತುದಿಯಲ್ಲಿ ಜಮೀರ್ ಭಾಯಿಯ ಬೇಕರಿ. ಬೆಳಗಿನ ಬ್ರೆಡ್ಡು ತೆಗೆದ ಮೇಲೂ ಆ ಸೌದೆ ಒಲೆ ಗಂಟೆಗಟ್ಟಲೆ ಬೆಚ್ಚಗಿರುತ್ತದೆ. ಮೆಹಬೂಬ್ ಬೀ ಬಾಳೆಲೆಯಲ್ಲಿ ಕಟ್ಟಿಕೊಟ್ಟ ಎಲೆಯ ಗಂಟನ್ನು ನಾನು ಅದರೊಳಗಿಟ್ಟು ಬಾಗಿಲು ಮುಚ್ಚಿಸಿದೆ. "ಏನ್ ಗುರು, ಎಲೆ ಬ್ರೆಡ್ ಮಾಡ್ತಿದೀಯಾ?" ಎಂದು ಜಮೀರ್ ಕೇಳಿದ. "ರಿಸರ್ಚ್" ಎಂದೆ.

ಮಧ್ಯಾಹ್ನ ಗಂಟು ಬಿಚ್ಚಿದಾಗ ಘಮ್ಮೆಂದು ಸೊಪ್ಪಿನ ಸಾರಿನ ವಾಸನೆ ಬಂತು. ಎಲೆಗಳು ಹಳದಿಯೂ ಆಗಿರಲಿಲ್ಲ, ಹಸಿರಾಗಿಯೂ ಉಳಿದಿರಲಿಲ್ಲ. ಕೆರೆಯ ಕೆಸರಿನ ಬಣ್ಣಕ್ಕೆ ತಿರುಗಿ, ಒಂದಕ್ಕೊಂದು ಅಂಟಿಕೊಂಡು ಜೋತುಬಿದ್ದಿದ್ದವು. ಮೆಹಬೂಬ್ ಬೀ ಒಂದನ್ನು ಎತ್ತಿ, ಕಣ್ಣಿನ ಹತ್ತಿರ ತಂದು, ಮೂಸಿ, ನನ್ನ ಕೈಯಲ್ಲಿಟ್ಟರು.

"ಬೇಟಾ, ಇದಕ್ಕೆ ಸ್ವಲ್ಪ ತೊಗರಿಬೇಳೆ ಹಾಕ್ಬೇಕಿತ್ತು."

ಬೈದಿದ್ದರೆ ಚೆನ್ನಾಗಿತ್ತು. ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಮಾರನೇ ದಿನ ಲ್ಯಾಬಿನಲ್ಲಿ ನಾನು ಬಟ್ಟಲಲ್ಲಿ ಎಲೆ ಅರೆಯುತ್ತಾ, ಆಕಾಶ ನೋಡಿಕೊಂಡು ಕೇಳಿದೆ. "ಸರ್, ನನ್ನ ಸ್ನೇಹಿತನೊಬ್ಬ ಎಲೆ ಬೇಗ ಹಣ್ಣಾಗ್ಲಿ ಅಂತ ಬೇಕರಿ ಒಲೆಯಲ್ಲಿ ಇಟ್ಟನಂತೆ. ಆಗ್ಲಿಲ್ವಂತೆ."

ವಾಜಿದ್ ಸರ್ ಕನ್ನಡಕ ತೆಗೆದರು. "ಆ ಸ್ನೇಹಿತ ನಮ್ಮಲ್ಲೇ ಕೆಲಸ ಮಾಡ್ತಾನಾ?"

"ದಿನಗೂಲಿ ಸರ್."

ಅವರು ಎಷ್ಟು ಹೊತ್ತು ನಕ್ಕರೆಂದರೆ ಪಕ್ಕದ ಕೋಣೆಯ ಟೈಪಿಸ್ಟ್ ಎದ್ದು ಬಂದು ನೋಡಿ ಹೋದರು. ಆಮೇಲೆ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ ಹೇಳಿದರು.

"ಎಲೆ ಹಳದಿ ಆಗೋದು ಸತ್ತ ಮೇಲೆ ಅಂದ್ಕೊಂಡಿದೀಯ. ಅಲ್ಲ ಕಣಯ್ಯ, ಬದುಕಿರುವಾಗಲೇ ಆಗೋದು. ಅದು ಎಲೆ ತಾನೇ ಮಾಡೋ ಕೆಲಸ. ಹಸಿರನ್ನ ಒಂದೊಂದೇ ಭಾಗ ಬಿಚ್ಚುತ್ತೆ. ನಡುವೆ ಒಂದು ಮೆಗ್ನೀಷಿಯಂ ಕೂತಿರುತ್ತೆ, ಅದನ್ನ ಕಳಚುತ್ತೆ. ಆಮೇಲೆ ಉಳಿದದ್ದನ್ನ ಒಡೆಯುತ್ತೆ. ಗಿಡದ ಮೇಲೇ ಇದ್ರೆ, ಹಸಿರನ್ನ ಹಿಡಿದಿಟ್ಟುಕೊಂಡಿದ್ದ ಪ್ರೋಟೀನಿನ ಸಾರವನ್ನೆಲ್ಲ ಚಿಗುರಿಗೆ ವಾಪಸ್ ಕಳಿಸುತ್ತೆ. ರಿಟೈರ್ ಆಗೋ ಗುಮಾಸ್ತ ಬೀರು ಕೀಲಿಯಿಂದ ಹಿಡಿದು ಪೆನ್ಸಿಲ್ ತುಂಡಿನವರೆಗೂ ಒಪ್ಪಿಸಿ ಹೋಗ್ತಾನಲ್ಲ, ಹಾಗೆ."

"ಹಳದಿ ಎಲ್ಲಿಂದ ಬರತ್ತೆ ಸರ್?"

"ಬರೋದೇನು, ಮೊದಲಿಂದ ಇತ್ತು. ಹಸಿರಿನ ಅಬ್ಬರದಲ್ಲಿ ಕಾಣ್ತಿರಲಿಲ್ಲ. ನಿನ್ನ ಸ್ನೇಹಿತ ಏನ್ ಮಾಡಿದಾನೆ ಅಂದ್ರೆ, ಗುಮಾಸ್ತನ್ನೇ ಬೇಯಿಸಿಬಿಟ್ಟಿದಾನೆ. ಬಿಸಿಗೆ ಮೆಗ್ನೀಷಿಯಂ ಏನೋ ಕಳಚಿಕೊಂಡ್ತು. ಮುಂದಿನದು ಬಿಚ್ಚೋಕೆ ಒಳಗೆ ಯಾರೂ ಉಳೀಲಿಲ್ಲ. ಅದಕ್ಕೇ ಆ ಕೆಸರು ಬಣ್ಣ."

"ಒಡೆದ ಹಸಿರು ಕೊನೆಗೆ ಎಲ್ಲಿಗೆ ಹೋಗತ್ತೆ ಸರ್?"

"ಅದು ಗೊತ್ತಿದ್ರೆ ನಾನ್ಯಾಕೆ ಇಲ್ಲಿ ಕೂತು ನಿನ್ನ ಜೊತೆ ಮಾತಾಡ್ತಿದ್ದೆ?" ಎಂದು ಅವರು ಕನ್ನಡಕ ಹಾಕಿಕೊಂಡರು. "ಮಾಯ ಆಗತ್ತೆ. ಯಾರಿಗೂ ಇನ್ನೂ ಸರಿಯಾಗಿ ಸಿಕ್ಕಿಲ್ಲ. ನಿನ್ನ ಸ್ನೇಹಿತನಿಗೆ ಹೇಳು, ಬುಟ್ಟೀಲಿ ನಾಲ್ಕು ಕಳಿತ ಬಾಳೆಹಣ್ಣು ಇಡ್ಲಿ. ಹಣ್ಣಿನಿಂದ ಒಂದು ಅನಿಲ ಬರುತ್ತೆ, ಅದು ಎಲೆಗೆ ವಯಸ್ಸಾಯ್ತು ಅಂತ ನೆನಪು ಮಾಡುತ್ತೆ. ಬೇಯಿಸೋದು ಬೇಡ."

ನಾನು ಗಂಟೆಗೆ ಮುಂಚೆ ಕೆಲಸ ಬಿಟ್ಟು ಓಡಿದೆ. ಆದರೆ ಈಗ ಹೊಸ ಎಲೆ ಬೇಕಿತ್ತು. ಅದು ಸಂತೆಯ ದಿನವಲ್ಲ. ಬಲಿತ ಎಲೆ ಇದ್ದದ್ದು ಹನುಮಯ್ಯನ ಹತ್ತಿರ ಮಾತ್ರ.

"ನಕ್ಕೋ, ಬೇಡ" ಎಂದರು ಮೆಹಬೂಬ್ ಬೀ. "ಅವನ್ ಮುಂದೆ ಕೈ ಚಾಚೋದಾ? ಮನೆ ಎಲೆ ಹೋದ್ರೆ ಹೋಗ್ಲಿ." ಹಾಗೆಂದವರೇ ಬುರ್ಖಾ ಎಳೆದುಕೊಂಡು ನನಗಿಂತ ಮುಂದೆ ಹೊರಟರು.

ಮನೆ ಜಗುಲಿಯಲ್ಲಿದ್ದ ಹನುಮಯ್ಯ ಅವರನ್ನು ನೋಡಿ ಎಲೆಗೆ ನೀರು ಚಿಮುಕಿಸುವುದನ್ನು ನಿಲ್ಲಿಸಿದ. ವಿಷಯವೆಲ್ಲ ಅವನಿಗೆ ಗೊತ್ತಿತ್ತು. ಆವಲಪ್ಪನವರು ಅವನಿಗೂ ಒಂದು ಮಾತು ಹೇಳಿಟ್ಟಿದ್ದರು.

"ಬೇಕರೀಲಿ ಏನೋ ಮಾಡಿದ್ರಂತೆ?"

"ಈ ಹುಡುಗ ಮಾಡ್ದ. ಓದಿದಾನೆ."

"ಅಂಗೋ." ಹನುಮಯ್ಯ ನನ್ನನ್ನು ಮೇಲಿಂದ ಕೆಳಗೆ ನೋಡಿದ. ಮೇಲೆ ನೋಡಲು ಏನೂ ಇರಲಿಲ್ಲ, ಕೆಳಗೂ ಇರಲಿಲ್ಲ. "ಬೂಬಮ್ಮ, ನಾನ್ ಎಲೆ ಕೊಟ್ಟು, ನೀನು ಗೆದ್ದು, ನಂಗೇನ್ ಬಂತು?"

"ನೀನು ಕೊಡ್ದೆ ನಾನು ಸೋತ್ರೆ, ನಿಂಗೆ ಮನೆ ಎಲೆ ಬರ್ತದೆ. ಆಮೇಲೆ ಭಾನುವಾರ ಆ ಮುದುಕಿ ಬಾಯಿಗೆ ನಿನ್ ಗರಿಗರಿ ಎಲೆ ಹಾಕ್ತೀಯಾ? ಅಗೀತಾ ಸಾಯಂಕಾಲ ಮಾಡ್ತಾಳೆ. ಬೀಗ್ರು ಎದ್ದು ಹೋಗ್ತಾರೆ. ನಿಂದೇ ಹೆಸರು."

ಹನುಮಯ್ಯ ಕಿವಿಯ ಹಿಂದೆ ಕೆರೆದುಕೊಂಡ. ಅಲ್ಲಿಯವರೆಗೆ ಅವನು ಮನೆ ಎಲೆಯ ಬಗ್ಗೆ ಯೋಚಿಸಿದ್ದನೇ ಹೊರತು ಬಾಯಿಯ ಬಗ್ಗೆ ಯೋಚಿಸಿರಲಿಲ್ಲ. ಬುಟ್ಟಿಯ ತಳದಿಂದ ಬಲಿತ ಎಲೆಗಳನ್ನು ಆರಿಸಿ ಕಟ್ಟಿದ. ಕೊಡುವಾಗ ಮಾತ್ರ, "ಓದಿರೋನ ಕೈಗೆ ಕೊಡ್ಬ್ಯಾಡ" ಎಂದ.

ಬಾಳೆಹಣ್ಣು ನಾನು ತಂದೆ. ಸಿಪ್ಪೆ ಕಪ್ಪಾಗಿ, ಗಾಡಿಯವನು ಎಸೆಯಲು ಇಟ್ಟಿದ್ದ ಏಲಕ್ಕಿ ಬಾಳೆ. ಮೆಹಬೂಬ್ ಬೀ ಅವನ್ನು ಅನುಮಾನದಿಂದ ನೋಡಿದರು. "ಎಲೆಗೆ ಹಣ್ಣು ತಿನ್ನಿಸೋದಾ?" ನಾನು ಗುಮಾಸ್ತನ ಕಥೆ ಹೇಳಿದೆ. ಅವರಿಗೆ ಅದು ಹಿಡಿಸಿತು. "ದಸ್ತಗೀರ್ ಸಾಬ್ ಹಂಗೇ ಹೋದ್ರು. ಜಟಕಾದ ಗಂಟೆ, ಚಾಟಿ, ಎಲ್ಲಾ ಒರೆಸಿ ಗೂಟಕ್ಕೆ ತಗುಲಿಸಿ ಮಲಗಿದ್ರು" ಎಂದು, ಬುಟ್ಟಿಯ ನಾಲ್ಕು ಕಡೆಗೆ ನಾಲ್ಕು ಹಣ್ಣು ಇಟ್ಟರು. ಐದನೆಯದನ್ನು ತಾವೇ ತಿಂದರು.

ಭಾನುವಾರ ಬೆಳಿಗ್ಗೆ ಬುಟ್ಟಿ ಬಿಚ್ಚಿದೆವು. ಕಪ್ಪು ಹಿಡಿದದ್ದನ್ನು ಆರಿಸಲು ಈ ಸಲ ನನ್ನನ್ನು ಕೂರಿಸಿಕೊಂಡರು. ಬಾಯಿಬಿಟ್ಟು ಕಣ್ಣಿನ ವಿಷಯ ಹೇಳಲಿಲ್ಲ. "ನಿನ್ ಕನ್ನಡಕ ದಂಡಕ್ಕೆ ಇರೋದಾ, ಕೂತ್ಕೋ" ಎಂದರು, ಅಷ್ಟೆ. ಹೆಚ್ಚಿನವು ಅರೆಹಣ್ಣು. ಅಂಚು ಹಳದಿ, ನರದ ಗುಂಟ ಹಸಿರು. ಹಣ್ಣಿನ ಪಕ್ಕ ಇದ್ದ ಒಂದು ಹಿಡಿ ಮಾತ್ರ ಪೂರಾ ಹಳದಿಯಾಗಿತ್ತು. ಆ ಹಿಡಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಮೆಹಬೂಬ್ ಬೀ ಮಡಿಲಲ್ಲಿಟ್ಟುಕೊಂಡರು. ಅರೆಹಣ್ಣಿನ ಬುಟ್ಟಿ ನನ್ನ ತಲೆಯ ಮೇಲೆ.

ಅಲ್ಲಾಳಸಂದ್ರದ ಅಂಗಳದಲ್ಲಿ ಚಾಪೆ ಹಾಸಿ ಎರಡೂ ಕಡೆಯವರು ಕೂತಿದ್ದರು. ನಾನು ಬುಟ್ಟಿ ಇಳಿಸಿದ್ದೇ ತಡ, ಮಿಲಿಟರಿ ದಾಸಪ್ಪ ಇಣುಕಿ ನೋಡಿದರು. ಮೀಸೆ ಎದ್ದು ನಿಂತಿತು.

"ಏನ್ ಯಜಮಾನ್ರೇ, ಶುಭಕಾರ್ಯಕ್ಕೆ ಬಾಡಿದೆಲೆನಾ? ತಟ್ಟೆಗೆ ಇದನ್ನಿಡ್ತೀರಾ ನಮ್ ಹುಡುಗಿಗೆ?"

ಆವಲಪ್ಪನವರ ಮುಖ ಸಣ್ಣಗಾಯಿತು. ಅವರು ಮೆಹಬೂಬ್ ಬೀ ಕಡೆ ತಿರುಗಿದರು. ಮೆಹಬೂಬ್ ಬೀ ನನ್ನ ಕಡೆ ತಿರುಗಿದರು. ನನ್ನ ಹಿಂದೆ ತಿರುಗಲು ಗೋಡೆ ಬಿಟ್ಟರೆ ಯಾರೂ ಇರಲಿಲ್ಲ. "ಅದು ಬಾಡಿದ್ದಲ್ಲ ಸಾರ್, ಮೆಗ್ನೀಷಿಯಂ" ಎಂದು ಶುರು ಮಾಡಿದೆ. ದಾಸಪ್ಪ ನನ್ನನ್ನು ನೋಡಿದ ರೀತಿಗೆ ಮೆಗ್ನೀಷಿಯಂ ಗಂಟಲಲ್ಲೇ ಉಳಿಯಿತು.

ಆಗ ಜಗುಲಿಯ ಮೇಲೆ ಕಂಬಳಿ ಹೊದ್ದು ಕೂತಿದ್ದ ದೊಡ್ಡಮುನಿಯಮ್ಮ ಬಾಯಿ ತೆರೆದರು.

"ಯಾರಪ್ಪ ಅದು ಬಾಡಿದ್ದು ಅಂದೋರು? ಬಾಡೋದು ಬ್ಯಾರೆ, ಅಣ್ಣಾಗೋದು ಬ್ಯಾರೆ. ನನ್ ಮಕ ನೋಡು. ನಾನ್ ಬಾಡಿದೀನಾ, ಅಣ್ಣಾಗಿದೀನಾ?"

ದಾಸಪ್ಪ ಉತ್ತರ ಹುಡುಕಿದರು. ಮಿಲಿಟರಿಯಲ್ಲಿ ಅದನ್ನು ಕಲಿಸಿರಲಿಲ್ಲ.

"ಅಣ್ಣಾಗಿದೀರ ಅಮ್ಮಾ."

"ಅಂಗಾರೆ ಸುಮ್ಕೆ ಕುಂತ್ಕೋ. ಬೂಬಮ್ಮ, ತತ್ತಾ ಇಲ್ಲಿ."

ಮೆಹಬೂಬ್ ಬೀ ಮಡಿಲು ಬಿಚ್ಚಿದರು. ಒಂದು ಹಳದಿ ಎಲೆ ತೆಗೆದು, ಸುಣ್ಣ ಸವರಿ, ಕುಟ್ಟಿದ ಅಡಿಕೆ ಇಟ್ಟು, ಮಡಿಸಿ ಕೊಟ್ಟರು. ವಾಪಸ್ ಬಂದು ನನ್ನ ಪಕ್ಕ ನಿಂತರು. ದೊಡ್ಡಮುನಿಯಮ್ಮ ಬಾಯಿಗೆ ಹಾಕಿಕೊಂಡರು. ಅವರ ಎರಡು ಕೆನ್ನೆ ಒಳಗೆ ಹೋಗಿ ಹೊರಗೆ ಬಂದವು, ಮತ್ತೆ ಒಳಗೆ ಹೋದವು. ಮದುಮಗ ಉಗುಳು ನುಂಗಿದ. ಆವಲಪ್ಪನವರು ಶಲ್ಯದ ಅಂಚು ತಿರುಚುತ್ತಿದ್ದರು. ಮೆಹಬೂಬ್ ಬೀಗೆ ಅಷ್ಟು ದೂರದಿಂದ ಮುಖ ಕಾಣುತ್ತಿರಲಿಲ್ಲ ಎಂದು ಕಾಣುತ್ತದೆ. ನನ್ನ ತೋಳು ಹಿಡಿದು, "ಏನ್ ಮಾಡ್ತಿದಾಳೆ, ಏನ್ ಮಾಡ್ತಿದಾಳೆ?" ಎಂದು ಪಿಸುಗುಟ್ಟಿದರು.

"ಅಗೀತಿದಾರೆ."

"ಮುಖ ಹೆಂಗಿದೆ?"

"ನಮ್ ಸಾಹೇಬ್ರು ಮುಳ್ಳು ನೋಡೋವಾಗ ಇರ್ತಾರಲ್ಲ, ಹಂಗೆ."

ದೊಡ್ಡಮುನಿಯಮ್ಮ ಎದ್ದರು. ಮೊಮ್ಮಗನ ಭುಜ ಹಿಡಿದು ಅಂಗಳದ ಅಂಚಿಗೆ ನಡೆದು, ಬಗ್ಗಿ, ಉಗಿದರು. ಕಡುಗೆಂಪು. ಹೆಂಗಸರ ಕಡೆಯಿಂದ ಗುಲ್ಲೆದ್ದಿತು. ದಾಸಪ್ಪನವರೇ ಎದ್ದು ಬಂದು ಕೈಮುಗಿದರು.

ಮುದುಕಿ ಬಾಯಿ ಒರೆಸಿಕೊಂಡು ಮೆಹಬೂಬ್ ಬೀ ಹತ್ತಿರ ಬಂದು ನಿಂತರು. "ನಂಗೆ ಕೊಟ್ಟಿದ್ದು ಸರಿಯಾಗದೆ. ಬುಟ್ಟೀಲಿರೋದು ಅರೆಬರೆ ಕಣೇ. ಅದನ್ನ ತಟ್ಟೆಗಿಟ್ರೆ ಆ ಮೀಸೆ ಅನ್ನೋದ್ರಲ್ಲಿ ತಪ್ಪಿಲ್ಲ."

"ಹೌ" ಎಂದರು ಮೆಹಬೂಬ್ ಬೀ. ವಾದಿಸಲಿಲ್ಲ.

ಆವಲಪ್ಪನವರು ಇದನ್ನೇ ಕಾಯುತ್ತಿದ್ದವರಂತೆ ಬೀದಿಯ ಕಡೆ ಕೈ ಮಾಡಿದರು. ಹನುಮಯ್ಯ ಹಸಿರೆಲೆಯ ಬುಟ್ಟಿ ಹೊತ್ತು ಒಳಗೆ ಬಂದ, ನಮ್ಮ ಕಡೆ ನೋಡದೆ. ಹೇಗಾದರೂ ಇರಲಿ ಎಂದು ಆವಲಪ್ಪನವರು ಮೊದಲೇ ಹೇಳಿಕಳಿಸಿದ್ದರು. ಹಸಿರೆಲೆ ತಟ್ಟೆಗೆ ಹೋಯಿತು. ಅತ್ತೆಯ ಕಾಲದಿಂದ ಬೇರೆಯವರ ಎಲೆ ದಾಟದಿದ್ದ ಹೊಸಿಲನ್ನು ಹನುಮಯ್ಯನ ಎಲೆ ದಾಟಿತು.

"ಮದುವೆಗೂ ಇಂಗೇ ಮಾಡಿ" ಎಂದರು ದೊಡ್ಡಮುನಿಯಮ್ಮ, ಮಗನಿಗೂ ಮೆಹಬೂಬ್ ಬೀಗೂ ಸೇರಿಸಿ. "ತಟ್ಟೆಗೆ ಅನುಮಯ್ಯಂದು. ಬಾಯಿಗೆ ಬೂಬಮ್ಮಂದು. ನಾನಿರೋಗಂಟ ಇದೇ."

ಮನೆ ಎಲೆ ಅರ್ಧ ಹೋಗಿ ಅರ್ಧ ಉಳಿಯಿತು. ಮೆಹಬೂಬ್ ಬೀ ಮಡಿಲಲ್ಲಿ ಉಳಿದ ಎಲೆಗಳನ್ನು ಸುತ್ತಿ ಸರಿಮಾಡಿಕೊಂಡರು. ಅವರು ಅಳುತ್ತಾರೇನೋ ಎಂದು ನಾನು ಹೆದರಿದ್ದೆ. ಅವರು ಮುಂದಕ್ಕೆ ಬಾಗಿ, ಎಲ್ಲರಿಗೂ ಕೇಳುವಂತೆ ಕೇಳಿದರು.

"ದೊಡ್ಡಮ್ಮಾ, ಮದುವೆ ದಿನ ಮೊದ್ಲು ಎಲೆ ಹೋಗೋದು ತಟ್ಟೆಗಾ, ಬಾಯಿಗಾ?"

"ಬಾಯಿಗೇ ಕಣೇ. ಬಾಯಿ ಒಪ್ದೆ ತಟ್ಟೆ ಎಂಗ್ ಏಳ್ತದೆ?"

"ಹಂಗಾದ್ರೆ ಹನುಮಯ್ಯ," ಎಂದು ಮೆಹಬೂಬ್ ಬೀ ಅವನ ಕಡೆ ತಿರುಗಿದರು, "ಅವತ್ತು ಬೆಳಿಗ್ಗೆ ಬೇಗ ಬಂದು ನನ್ ಹಿಂದೆ ನಿಂತ್ಕೋ."